ಸಣ್ಣ ಉರಿಯ ಬೀಫ್ ಸಾರು: ಬಡಿಸುವವಳಿಗೂ ಒಂದು ಪಾಲು

(ಸ್ವ-ಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ 'ಆಹಾರ ಮತ್ತು ಆರೋಗ್ಯ' ವಿಷಯದ ಮೇಲೆ ನೀಡಿದ ಮಾಹಿತಿ)



ಉಳಿತಾಯ, ಸಾಲ ಮರುಪಾವತಿ, ದಾಖಲೆ ಪುಸ್ತಕ ಇವುಗಳ ಬಗ್ಗೆ ನಾವು ಪ್ರತಿ ಸಲ ಮಾತಾಡ್ತೇವೆ. ಇವತ್ತು ಒಲೆಯ ಮುಂದೆ ಕೂತು ಮಾತಾಡೋಣ. ವಿಷಯ ಏನಂದ್ರೆ, ಗಟ್ಟಿ ಮಾಂಸವನ್ನು ಸಣ್ಣ ಉರಿಯಲ್ಲಿ ಮೆತ್ತಗೆ ಬೇಯಿಸಿ ಮಸಾಲೆ ಸಾರು ಮಾಡುವುದು ಹೇಗೆ, ಮತ್ತು ಆ ಸಾರು ಮನೆಯಲ್ಲಿ ಯಾರ ಬಟ್ಟಲಿಗೆ ಎಷ್ಟು ಬೀಳುತ್ತದೆ ಎನ್ನುವುದು. ಎರಡನೆಯ ಮಾತು ಹೇಳುವುದಕ್ಕೇ ಮೊದಲನೆಯದನ್ನು ಎತ್ತಿಕೊಂಡಿದ್ದೇವೆ.

ನಮ್ಮ ಸಂಘಗಳಲ್ಲಿ ಎಲ್ಲ ಥರದ ಊಟದವರೂ ಇದ್ದೀರಿ. ಬೀಫ್ ತಿನ್ನುವವರಿದ್ದಾರೆ, ಕುರಿ-ಕೋಳಿ ಮಾತ್ರ ತಿನ್ನುವವರಿದ್ದಾರೆ, ಮಾಂಸವನ್ನೇ ಮುಟ್ಟದವರೂ ಇದ್ದಾರೆ. "ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ" ಅಂತ ಹಿರಿಯರು ಸುಮ್ಮನೆ ಹೇಳಿಲ್ಲ. ತಿನ್ನುವವರು ತಿನ್ನದವರನ್ನು ಹಂಗಿಸಬಾರದು, ತಿನ್ನದವರು ತಿನ್ನುವವರನ್ನು ಕೀಳಾಗಿ ಕಾಣಬಾರದು. ಬೀಫ್ ತಿನ್ನದವರು ಇದೇ ಕ್ರಮವನ್ನು ಬಲಿತ ಕುರಿ, ಮೇಕೆ ಮಾಂಸಕ್ಕೆ ಬಳಸಬಹುದು. ಕೊನೆಗೆ ಹೇಳುವ ಹುಲ್ಲಿನ ಬುಟ್ಟಿಯ ಉಪಾಯ ಹುರುಳಿ, ಕಡಲೆ ಬೇಯಿಸುವವರಿಗೂ ಆಗುತ್ತದೆ. ಆದ್ದರಿಂದ ಯಾರೂ ಎದ್ದು ಹೋಗಬೇಡಿ.

ಯಾವ ಮಾಂಸ, ಎಲ್ಲಿಂದ?

ಮೊದಲು ಕಾನೂನಿನ ಮಾತು. ಕರ್ನಾಟಕದಲ್ಲಿ 2021ರಲ್ಲಿ ಜಾರಿಗೆ ಬಂದ ಜಾನುವಾರು ಹತ್ಯೆ ಪ್ರತಿಬಂಧಕ ಮತ್ತು ಸಂರಕ್ಷಣಾ ಕಾಯ್ದೆಯ ಪ್ರಕಾರ ಹಸು, ಕರು, ಎತ್ತು, ಹೋರಿ ಇವುಗಳನ್ನು ಕಡಿಯುವಂತಿಲ್ಲ. 13 ವರ್ಷದೊಳಗಿನ ಎಮ್ಮೆ-ಕೋಣಗಳನ್ನೂ ಕಡಿಯುವಂತಿಲ್ಲ. 13 ವರ್ಷ ದಾಟಿದ ಎಮ್ಮೆ-ಕೋಣವನ್ನು ಮಾತ್ರ ಅಧಿಕಾರಿಯ ಪ್ರಮಾಣಪತ್ರದೊಂದಿಗೆ ಪರವಾನಗಿ ಇರುವ ಕಸಾಯಿಖಾನೆಯಲ್ಲಿ ಕಡಿಯಬಹುದು. ಮೀರಿದವರಿಗೆ 3ರಿಂದ 7 ವರ್ಷ ಜೈಲು ಮತ್ತು ದೊಡ್ಡ ಮೊತ್ತದ ದಂಡ ಇದೆ. ಕಾಯ್ದೆಯ ಬಗ್ಗೆ ನಮ್ಮ ನಮ್ಮ ಅಭಿಪ್ರಾಯ ಏನೇ ಇರಲಿ, ಕಷ್ಟಕ್ಕೆ ಸಿಕ್ಕಿಕೊಳ್ಳುವುದು ಬಡ ಕುಟುಂಬವೇ. ಹಾಗಾಗಿ ಪರವಾನಗಿ ಇರುವ ಅಂಗಡಿಯಿಂದಲೇ ಕೊಳ್ಳಿರಿ, ಚೀಟಿ ಕೇಳಿ ಪಡೆಯಿರಿ. ಕಡಿಮೆ ಬೆಲೆಗೆ ಕೊಡ್ತೀನಿ ಅಂತ ಚೀಲದಲ್ಲಿ ತಂದು ಮನೆ ಬಾಗಿಲಲ್ಲಿ ಮಾರುವವರಿಂದ ಕೊಳ್ಳಬೇಡಿ.

ಅಂದ್ರೆ ಇವತ್ತು ನಮ್ಮ ರಾಜ್ಯದಲ್ಲಿ ಕಾನೂನು ಪ್ರಕಾರ ಸಿಗುವ ಬೀಫ್ ಅಂದರೆ ವಯಸ್ಸಾದ ಎಮ್ಮೆ-ಕೋಣದ ಮಾಂಸ. ಇದು ಕುರಿ ಮಾಂಸಕ್ಕಿಂತ ಸಾಕಷ್ಟು ಅಗ್ಗ, ಕೊಬ್ಬು ಕಡಿಮೆ, ಆದರೆ ಗಟ್ಟಿ. ಗಟ್ಟಿ ಯಾಕೆ ಗೊತ್ತೇ? ಮಾಂಸದ ಎಳೆಗಳನ್ನು ಒಟ್ಟಿಗೆ ಹಿಡಿದಿಡುವ ಬಿಳಿ ನಾರು ಒಂದಿದೆ, ಅದಕ್ಕೆ ಕೊಲಾಜನ್ ಎನ್ನುತ್ತಾರೆ. ಪ್ರಾಣಿಗೆ ವಯಸ್ಸಾದಂತೆ ಈ ನಾರು ಒಂದಕ್ಕೊಂದು ಹೆಣೆದುಕೊಂಡು ಬಲಿಯುತ್ತದೆ. ಗಡಿಬಿಡಿಯಲ್ಲಿ ಬೇಯಿಸಿದರೆ ಜಗಿಯಲಿಕ್ಕೇ ಆಗುವುದಿಲ್ಲ. ಆದರೆ ಸಣ್ಣ ಉರಿಯಲ್ಲಿ, ನೀರಿನ ಹಬೆಯಲ್ಲಿ, ಎರಡು ಮೂರು ಗಂಟೆ ಬಿಟ್ಟರೆ ಅದೇ ನಾರು ಕರಗಿ ಜಿಲೆಟಿನ್ ಆಗುತ್ತದೆ. ಸಾರು ತುಟಿಗೆ ಅಂಟುವ ಹಾಗೆ ಮಂದವಾಗುವುದು ಅದರಿಂದಲೇ.

ಹಾಗಾಗಿ ಅಂಗಡಿಯಲ್ಲಿ ಎಳೆಯ, ನುಣುಪಾದ ತುಂಡು ಕೇಳಬೇಡಿ. ಮೊಣಕಾಲಿನ ಕೆಳಗಿನ ಭಾಗ, ಎದೆ, ಕುತ್ತಿಗೆ, ಹೆಗಲು ಇವುಗಳನ್ನು ಕೇಳಿರಿ. ಬೆನ್ನಿನ ಮೆತ್ತನೆಯ ಮಾಂಸವನ್ನು ಮೂರು ಗಂಟೆ ಬೇಯಿಸಿದರೆ ಒಣಗಿ ಹತ್ತಿಯಂತೆ ಆಗುತ್ತದೆ. ಒಳ್ಳೆಯ ಮಾಂಸ ಗಾಢ ಕೆಂಪಾಗಿರುತ್ತದೆ, ಮುಟ್ಟಿದರೆ ಲೋಳೆ ಇರುವುದಿಲ್ಲ, ಹುಳಿ ವಾಸನೆ ಬರುವುದಿಲ್ಲ. ಎಮ್ಮೆಯ ಕೊಬ್ಬು ಬೆಳ್ಳಗಿರುತ್ತದೆ.

ಬೇಕಾಗುವ ಸಾಮಾನು (8 ಜನರಿಗೆ)

ಕರಾವಳಿಯ ಕ್ರೈಸ್ತರ ಮನೆಗಳಲ್ಲಿ ಮಾಡುವ ಬಾಫಾತ್ ಮಸಾಲೆಯ ಕ್ರಮವನ್ನು ಇಲ್ಲಿ ಕೊಡುತ್ತೇವೆ. ಒಂದೊಂದು ಮನೆಯ ಬಾಫಾತ್ ಪುಡಿ ಒಂದೊಂದು ಥರ, ನಿಮ್ಮ ಮನೆಯ ಕೈ ಅಳತೆ ಇದ್ದರೆ ಅದನ್ನೇ ಬಳಸಿರಿ.

ಮಾಂಸ 1 ಕಿಲೋ, ಬ್ಯಾಡಗಿ ಮೆಣಸಿನಕಾಯಿ 12, ಕೊತ್ತಂಬರಿ ಬೀಜ 2 ದೊಡ್ಡ ಚಮಚ, ಜೀರಿಗೆ 1 ಸಣ್ಣ ಚಮಚ, ಕಾಳುಮೆಣಸು 1 ಸಣ್ಣ ಚಮಚ, ಲವಂಗ 5, ಚಕ್ಕೆ 2 ಇಂಚು, ಅರಿಶಿನ ಅರ್ಧ ಚಮಚ, ಈರುಳ್ಳಿ 4, ಬೆಳ್ಳುಳ್ಳಿ 1 ಗೆಡ್ಡೆ, ಶುಂಠಿ 2 ಇಂಚು, ಹಸಿಮೆಣಸು 3, ವಿನೆಗರ್ 2 ದೊಡ್ಡ ಚಮಚ (ಇಲ್ಲದಿದ್ದರೆ ನೆಲ್ಲಿ ಗಾತ್ರದ ಹುಣಸೆ), ಎಣ್ಣೆ 2 ದೊಡ್ಡ ಚಮಚ, ಮೂಲಂಗಿ 2, ಆಲೂಗಡ್ಡೆ 3, ರುಚಿಗೆ ಉಪ್ಪು.

ಮಾಡುವ ಕ್ರಮ

1. ಮಾಂಸವನ್ನು ಪಾತ್ರೆಯ ನೀರಿನಲ್ಲಿ ತೊಳೆಯಿರಿ. ನಲ್ಲಿಯ ಕೆಳಗೆ ಹಿಡಿದು ಚಿಮ್ಮಿಸಬೇಡಿ, ಆ ಹನಿ ಬಿದ್ದಲ್ಲೆಲ್ಲ ರೋಗಾಣು ಹೋಗುತ್ತದೆ. ಹಸಿ ಮಾಂಸ ಕುಯ್ದ ಚಾಕು, ಮಣೆಯನ್ನು ಸೋಪು ಹಾಕಿ ತೊಳೆಯದೆ ತರಕಾರಿಗೆ ಬಳಸಬೇಡಿ. ತುಂಡುಗಳು ನಿಂಬೆಹಣ್ಣಿನಷ್ಟು ದೊಡ್ಡದಿರಲಿ. ಸಣ್ಣ ತುಂಡು ಬೇಯುವಷ್ಟರಲ್ಲಿ ಒಣಗುತ್ತದೆ. ಉಪ್ಪು, ಅರಿಶಿನ, ಒಂದು ಚಮಚ ವಿನೆಗರ್ ಹಚ್ಚಿ ಒಂದು ಗಂಟೆ ಮುಚ್ಚಿಡಿ. ಹುಣಸೆ ಬಳಸುವವರು ಈಗ ಉಪ್ಪು, ಅರಿಶಿನ ಮಾತ್ರ ಹಚ್ಚಿದರೆ ಸಾಕು.

2. ಮೆಣಸಿನಕಾಯಿ, ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಲವಂಗ, ಚಕ್ಕೆ ಇವುಗಳನ್ನು ಎಣ್ಣೆ ಹಾಕದೆ ಸಣ್ಣ ಉರಿಯಲ್ಲಿ ಬೇರೆ ಬೇರೆಯಾಗಿ ಬೆಚ್ಚಗೆ ಮಾಡಿ ಪುಡಿ ಮಾಡಿರಿ. ಮೆಣಸಿನಕಾಯಿ ಕಪ್ಪಾದರೆ ಸಾರು ಕಹಿಯಾಗುತ್ತದೆ.

3. ದಪ್ಪ ತಳದ ಪಾತ್ರೆಯಲ್ಲಿ ಎಣ್ಣೆ ಕಾಯಿಸಿ. ಮಾಂಸದ ನೀರನ್ನು ಒರೆಸಿ, ನಾಲ್ಕೈದು ತುಂಡಿನಂತೆ ಹಾಕಿ ಎರಡೂ ಕಡೆ ಕಂದು ಬಣ್ಣ ಬರುವವರೆಗೆ ಹುರಿದು ತೆಗೆಯಿರಿ. ಒಟ್ಟಿಗೆ ಸುರಿದರೆ ನೀರು ಬಿಟ್ಟುಕೊಂಡು ಬೇಯುತ್ತದೆ, ಹುರಿಯುವುದಿಲ್ಲ. ಅರ್ಧ ರುಚಿ ಈ ಕಂದು ಬಣ್ಣದಲ್ಲೇ ಇದೆ.

4. ಅದೇ ಪಾತ್ರೆಗೆ ಈರುಳ್ಳಿ, ನಂತರ ಜಜ್ಜಿದ ಶುಂಠಿ, ಬೆಳ್ಳುಳ್ಳಿ, ಸೀಳಿದ ಹಸಿಮೆಣಸು ಹಾಕಿ ಬಾಡಿಸಿ. ಮಸಾಲೆ ಪುಡಿ ಹಾಕಿ ಎರಡು ನಿಮಿಷ ಕೈಯಾಡಿಸಿ. ಸ್ವಲ್ಪ ನೀರು ಚಿಮುಕಿಸಿ ತಳಕ್ಕೆ ಹಿಡಿದದ್ದನ್ನು ಕೆರೆದು ಬಿಡಿಸಿರಿ.

5. ಮಾಂಸವನ್ನು ಮತ್ತೆ ಹಾಕಿ ಬಿಸಿನೀರು ಹೊಯ್ಯಿರಿ. ನೀರು ಮಾಂಸದ ಮುಕ್ಕಾಲು ಮಟ್ಟ ಬಂದರೆ ಸಾಕು, ಮುಳುಗಬೇಕಾಗಿಲ್ಲ. ಒಂದು ಕುದಿ ಬಂದ ಕೂಡಲೆ ಉರಿ ಪೂರ್ತಿ ತಗ್ಗಿಸಿ, ಬಿಗಿಯಾದ ಮುಚ್ಚಳ ಮುಚ್ಚಿರಿ. ಸೌದೆ ಒಲೆಯಾದರೆ ಕೊಳ್ಳಿಗಳನ್ನು ಹೊರಗೆಳೆದು ಕೆಂಡದ ಮೇಲೆ ಬಿಡಿ. ಅಲ್ಲೊಂದು ಇಲ್ಲೊಂದು ಗುಳ್ಳೆ ಏಳುತ್ತಿರಬೇಕು, ಅಷ್ಟೇ. ಕೊತಕೊತ ಕುದಿಸಿದರೆ ಮಾಂಸದ ಎಳೆ ಹಿಂಡಿಕೊಂಡು ತನ್ನ ರಸವನ್ನೆಲ್ಲ ಬಿಟ್ಟುಕೊಡುತ್ತದೆ.

6. ಎರಡೂವರೆಯಿಂದ ಮೂರು ಗಂಟೆ ಬೇಕು. ಅರ್ಧ ಗಂಟೆಗೊಮ್ಮೆ ನೋಡಿ, ತುಂಡುಗಳನ್ನು ಮಗುಚಿ, ನೀರು ಆರಿದ್ದರೆ ಬಿಸಿನೀರನ್ನೇ ಸೇರಿಸಿ. ಎರಡು ಗಂಟೆಯಾದ ಮೇಲೆ ಮೂಲಂಗಿ, ಕೊನೆಯ ಅರ್ಧ ಗಂಟೆಯಲ್ಲಿ ಆಲೂಗಡ್ಡೆ. ಆಲೂಗಡ್ಡೆ ಬೆಂದ ಮೇಲೆ ಉಳಿದ ವಿನೆಗರ್ ಅಥವಾ ಹುಣಸೆ ರಸ. ಹುಳಿ ಮೊದಲೇ ಹೆಚ್ಚಾದರೆ ಆಲೂಗಡ್ಡೆ ಬೇಯುವುದಿಲ್ಲ. ಚಮಚದಿಂದ ಒತ್ತಿದರೆ ಮಾಂಸ ತಾನೇ ಬಿಡಿಸಿಕೊಂಡರೆ ಆಯಿತು. ಇಳಿಸಿ ಅರ್ಧ ಗಂಟೆ ಬಿಟ್ಟು ಬಡಿಸಿರಿ.

ಬೇಗ ಬೇಯಲಿ ಅಂತ ಕೆಲವರು ಹಸಿ ಪಪ್ಪಾಯ ಹಚ್ಚುತ್ತಾರೆ. ಅದು ಹೊರಗಿನ ಪದರವನ್ನು ಮೆತ್ತಗೆ ಮಾಡುತ್ತದೆಯೇ ಹೊರತು ಒಳಗಿನ ನಾರನ್ನು ಕರಗಿಸುವುದು ಕಾವು ಮತ್ತು ಸಮಯ. ದೆಹಲಿ, ಲಖನೌ ಕಡೆ ನಿಹಾರಿ ಎಂಬ ಸಾರು ಮಾಡುತ್ತಾರೆ. ರಾತ್ರಿ ಒಲೆಗಿಟ್ಟು ಬೆಳಿಗ್ಗೆ ತಿನ್ನುವುದು. ಹಗಲು ಎಂಬ ಅರ್ಥದ ಅರಬ್ಬಿ ಮಾತಿನಿಂದಲೇ ಆ ಹೆಸರು ಬಂದಿದೆ. ಅದಕ್ಕೂ ಮೊಣಕಾಲಿನ ಗಟ್ಟಿ ಮಾಂಸವೇ ಬೇಕು. ಮಸಾಲೆ ಬೇರೆಯಾದರೂ ಕ್ರಮ ಒಂದೇ.

ಮೂರು ಗಂಟೆ ಗ್ಯಾಸ್ ಯಾರು ಕೊಡ್ತಾರೆ?

ಈ ಪ್ರಶ್ನೆ ನಿಮ್ಮ ಬಾಯಲ್ಲಿ ಬಂದೇ ಬರುತ್ತದೆ, ಬರಬೇಕು ಕೂಡ. ಎರಡು ದಾರಿ ಇದೆ.

ಮೊದಲನೆಯದು ಪ್ರೆಶರ್ ಕುಕ್ಕರ್. ಅದರೊಳಗೆ ಕಾವು ಸುಮಾರು 120 ಡಿಗ್ರಿಗೆ ಏರುವುದರಿಂದ ಮೂರು ಗಂಟೆಯ ಕೆಲಸ ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಮೂರನೇ ಎರಡು ಭಾಗಕ್ಕಿಂತ ಹೆಚ್ಚು ತುಂಬಬೇಡಿ. ಒಂದು ಸೀಟಿ ಬಂದ ಮೇಲೆ ಉರಿ ಸಣ್ಣದು ಮಾಡಿ 35ರಿಂದ 40 ನಿಮಿಷ ಬಿಡಿ. ಸೀಟಿ ಎತ್ತಿ ಹಬೆ ಬಿಡಬೇಡಿ, ತಾನಾಗಿ ಇಳಿಯಲಿ. ಆಮೇಲೆ ಮುಚ್ಚಳ ತೆಗೆದು ತರಕಾರಿ ಹಾಕಿ 20ರಿಂದ 30 ನಿಮಿಷ ಸಣ್ಣಗೆ ಕುದಿಸಿದರೆ ಸಾರು ಕೂಡಿಕೊಳ್ಳುತ್ತದೆ.

ಎರಡನೆಯದು ಹುಲ್ಲಿನ ಬುಟ್ಟಿ. ದೊಡ್ಡ ಬಿದಿರಿನ ಬುಟ್ಟಿ ಅಥವಾ ರಟ್ಟಿನ ಪೆಟ್ಟಿಗೆಯಲ್ಲಿ ಒಣ ಭತ್ತದ ಹುಲ್ಲನ್ನು ತಳಕ್ಕೂ ಸುತ್ತಲೂ 4 ಇಂಚು ದಪ್ಪ ಒತ್ತಿರಿ. ನಡುವೆ ಪಾತ್ರೆ ಕೂರುವಷ್ಟು ಗುಳಿ ಇರಲಿ. ಸಾರನ್ನು ಒಲೆಯ ಮೇಲೆ 30 ನಿಮಿಷ ಚೆನ್ನಾಗಿ ಕುದಿಸಿ, ಮುಚ್ಚಳ ತೆರೆಯದೆ ಕುದಿಯುತ್ತಿರುವಾಗಲೇ ಗುಳಿಯಲ್ಲಿಟ್ಟು ಮೇಲೆ ಹಳೆಯ ಕಂಬಳಿ, ಹುಲ್ಲಿನ ದಿಂಬು ಮುಚ್ಚಿರಿ. ಮೂರು ನಾಲ್ಕು ಗಂಟೆ ತೆರೆಯಬೇಡಿ. ಉರಿ ಇಲ್ಲದೆ, ಒಳಗಿನ ಕಾವಿನಲ್ಲೇ ಬೇಯುತ್ತಿರುತ್ತದೆ. ತೆಗೆದ ಮೇಲೆ ತರಕಾರಿ ಹಾಕಿ ಮತ್ತೆ ಒಲೆಗಿಟ್ಟು ಚೆನ್ನಾಗಿ ಕುದಿಸಿರಿ. ಮಾಂಸ ಇನ್ನೂ ಗಟ್ಟಿಯಿದ್ದರೆ ಸ್ವಲ್ಪ ಹೊತ್ತು ಹೆಚ್ಚು ಬಿಡಿ.

ಇದರಲ್ಲಿ ಎಚ್ಚರ ಬೇಕಾದ ಮಾತು ಮೂರು. ಪಾತ್ರೆ ತುಂಬಿರಬೇಕು, ಅರ್ಧ ಪಾತ್ರೆ ಬೇಗ ತಣಿಯುತ್ತದೆ. ರಾತ್ರಿಯಿಡೀ ಬಿಡಬಾರದು, 60 ಡಿಗ್ರಿಗಿಂತ ಕೆಳಗಿಳಿದ ಸಾರಿನಲ್ಲಿ ರೋಗಾಣು ಬೆಳೆಯುತ್ತದೆ. ಬುಟ್ಟಿಯಿಂದ ತೆಗೆದಾಗ ಪಾತ್ರೆ ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿ ಇರಲೇಬೇಕು. ಉಗುರು ಬೆಚ್ಚಗಿದ್ದರೆ ಆ ಬುಟ್ಟಿ ಮಾಂಸಕ್ಕೆ ಸಾಲದು. ಮೊದಲ ಸಲ ಬರೀ ಬಿಸಿನೀರಿಟ್ಟು ಪರೀಕ್ಷೆ ಮಾಡಿ ನೋಡಿ. ನೆನೆಸಿದ ಹುರುಳಿ, ಕಡಲೆಗೂ ಇದೇ ಕ್ರಮ: ಚೆನ್ನಾಗಿ ಕುದಿಸಿ ಬುಟ್ಟಿಗಿಡುವುದು, ತೆಗೆದ ಮೇಲೆ ಮತ್ತೆ ಕುದಿಸುವುದು.

ಉಳಿದ ಸಾರನ್ನು ಒಲೆಯ ಮೇಲೆ ಹಾಗೇ ಬಿಡಬೇಡಿ. ಫ್ರಿಜ್ ಇದ್ದವರು ಅಗಲ ಪಾತ್ರೆಗೆ ಸುರಿದು ತಣಿಸಿ ಎರಡು ಗಂಟೆಯೊಳಗೆ ಒಳಗಿಡಿ. ಫ್ರಿಜ್ ಇಲ್ಲದವರು ಆ ದಿನಕ್ಕೆ ಬೇಕಾದಷ್ಟೇ ಮಾಡುವುದು ಒಳ್ಳೆಯದು.

ಇನ್ನೊಂದು ಮಾತು. ಮೂರು ಗಂಟೆಯ ಅಡುಗೆ ಅಂದರೆ ಮೂರು ಗಂಟೆ ಒಲೆ ಮುಂದೆ ನಿಲ್ಲುವುದಲ್ಲ. ಕೈಕೆಲಸ ಒಂದು ಗಂಟೆಯದ್ದು. ಉಳಿದ ಹೊತ್ತು ಉರಿ ನೋಡಿಕೊಳ್ಳುವುದು ಗಂಡ, ಮಗ ಯಾರು ಬೇಕಾದರೂ ಮಾಡಬಹುದಾದ ಕೆಲಸ. ಭಾನುವಾರ ಅವರಿಗೂ ರಜಾ ಅಲ್ವಾ?

ಬಟ್ಟಲಿಗೆ ಬೀಳುವುದು ಎಷ್ಟು?

ಈಗ ಮುಖ್ಯ ಮಾತಿಗೆ ಬರೋಣ. ಸಾರು ಸಿದ್ಧವಾಯಿತು. ಮೊದಲು ಗಂಡಸರು ಕೂರುತ್ತಾರೆ, ಅವರ ಜೊತೆ ಗಂಡು ಮಕ್ಕಳು. ಆಮೇಲೆ ಹೆಣ್ಣು ಮಕ್ಕಳು, ಅತ್ತೆ. ಕೊನೆಗೆ ಬಡಿಸಿದವಳು ಪಾತ್ರೆ ಬಗ್ಗಿಸಿ ನೋಡಿದರೆ ಒಂದು ಮೂಳೆ, ಎರಡು ಚೂರು ಆಲೂಗಡ್ಡೆ, ತಳದ ರಸ. "ನಂಗೆ ರಸ ಇದ್ರೆ ಸಾಕು ಸಿಸ್ಟರ್, ಅವರು ದುಡಿಯೋರು" ಎನ್ನುವ ಮಾತನ್ನು ನಾವು ಹಳ್ಳಿಗಳಲ್ಲಿ ಎಷ್ಟೋ ಸಲ ಕೇಳಿದ್ದೇವೆ. ದುಡಿಯುವವರು ಯಾರು? ಬೆಳಿಗ್ಗೆ ಐದಕ್ಕೆ ಎದ್ದು, ನೀರು ತಂದು, ಕೂಲಿಗೆ ಹೋಗಿ, ಬಂದು ಮತ್ತೆ ಒಲೆ ಹಚ್ಚುವವರು ದುಡಿಯುವವರಲ್ಲವೇ?

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ 100ಕ್ಕೆ ಸುಮಾರು 48 ಜನರಿಗೆ ರಕ್ತಹೀನತೆ ಇದೆ. ಇಲ್ಲಿ ನಿಮ್ಮ ಎಡಕ್ಕೆ ಬಲಕ್ಕೆ ಕೂತವರನ್ನು ನೋಡಿರಿ, ಹತ್ತಿರ ಹತ್ತಿರ ಇಬ್ಬರಲ್ಲಿ ಒಬ್ಬರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ನಿಗದಿ ಮಾಡಿದಂತೆ ವಯಸ್ಕ ಗಂಡಸಿಗೆ ದಿನಕ್ಕೆ 19 ಮಿಲಿಗ್ರಾಂ ಕಬ್ಬಿಣಾಂಶ ಬೇಕು, ಹೆಂಗಸಿಗೆ 29 ಮಿಲಿಗ್ರಾಂ. ತಿಂಗಳು ತಿಂಗಳು ರಕ್ತ ಹೋಗುವ ದೇಹ ನಮ್ಮದು. ಹೆಚ್ಚು ಬೇಕಾದವಳಿಗೇ ಕಡಿಮೆ ಸಿಗುತ್ತಿದೆ.

ಸಾರಿನ ರಸದಲ್ಲಿ ರುಚಿ ಇದೆ, ಉಪ್ಪು-ಖಾರ ಇದೆ. ಕಬ್ಬಿಣಾಂಶದ ಬಹುಪಾಲು ಇರುವುದು ಮಾಂಸದ ತುಂಡಿನಲ್ಲಿ. 100 ಗ್ರಾಂ ಮಾಂಸದಲ್ಲಿ ಸುಮಾರು 2ರಿಂದ 3 ಮಿಲಿಗ್ರಾಂ ಇರುತ್ತದೆ. ಲೆಕ್ಕಕ್ಕೆ ಸಣ್ಣದಾಗಿ ಕಂಡರೂ ಮಾಂಸದ ಕಬ್ಬಿಣಾಂಶ ಸೊಪ್ಪು-ಕಾಳಿನದಕ್ಕಿಂತ ಸುಲಭವಾಗಿ ದೇಹಕ್ಕೆ ಸೇರುತ್ತದೆ. ಅಷ್ಟೇ ಅಲ್ಲ, ಅದೇ ಊಟದಲ್ಲಿರುವ ಸೊಪ್ಪು-ಕಾಳಿನ ಕಬ್ಬಿಣಾಂಶವನ್ನೂ ಹೀರಿಕೊಳ್ಳಲು ಸಹಾಯ ಮಾಡುತ್ತದೆ. ಆದ್ದರಿಂದ ದೊಡ್ಡ ತುಂಡೇ ಬೇಕೆಂದಿಲ್ಲ, ಎರಡು ತುಂಡು ಮಾಂಸದ ಜೊತೆ ಸೊಪ್ಪಿನ ಪಲ್ಯ, ಮೇಲೆ ನಿಂಬೆ ಹಿಂಡಿಕೊಂಡು ಉಂಡರೆ ಒಳ್ಳೆಯದು. ಊಟದ ಜೊತೆ, ಊಟವಾದ ಕೂಡಲೆ ಚಹಾ ಕುಡಿಯಬೇಡಿ, ಒಂದು ಗಂಟೆಯಾದರೂ ಬಿಡಿ. ಚಹಾ ಕಬ್ಬಿಣಾಂಶವನ್ನು ತಡೆಯುತ್ತದೆ.

ಮೂಳೆ ಸಾರಿನಲ್ಲಿ ಕ್ಯಾಲ್ಸಿಯಂ ತುಂಬ ಇದೆ ಅಂತ ಹೇಳಿ ಹೆಂಗಸರಿಗೆ ಮೂಳೆ ಬಿಡುವುದೂ ಇದೆ. ಅದು ಸರಿಯಲ್ಲ. ಮೂಳೆ ಬೇಯಿಸಿದ ನೀರಿಗೆ ಇಳಿಯುವ ಕ್ಯಾಲ್ಸಿಯಂ ಬಹಳ ಕಡಿಮೆ. ಅದಕ್ಕೆ ನಮ್ಮ ರಾಗಿ ಇದೆ, 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇರುತ್ತದೆ. ಸನ್ನಣ, ಅನ್ನದ ಜೊತೆಗೆ ಮಾತ್ರವಲ್ಲ, ಮುದ್ದೆಯ ಜೊತೆಗೂ ಈ ಸಾರು ಚೆನ್ನಾಗಿ ಹೊಂದುತ್ತದೆ.

ಹಾಗಂತ ದಿನಾ ತಿನ್ನಿ ಅಂತ ನಾವು ಹೇಳುತ್ತಿಲ್ಲ. ಕೆಂಪು ಮಾಂಸ ಅತಿಯಾದರೆ ದೊಡ್ಡ ಕರುಳಿನ ಕ್ಯಾನ್ಸರ್‌ನ ಅಪಾಯ ಹೆಚ್ಚಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಹೇಳಿದೆ. ವಾರಕ್ಕೊಮ್ಮೆ ಸಾಕು. ಕಿಡ್ನಿ ತೊಂದರೆ, ಗೌಟ್ ಇರುವವರು ವೈದ್ಯರನ್ನು ಕೇಳಿರಿ. ರಕ್ತಹೀನತೆ ಇರುವವರಿಗೆ ಸಾರು ಮದ್ದಲ್ಲ. ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿಕೊಳ್ಳಿ. 12ಕ್ಕಿಂತ ಕಡಿಮೆ, ಗರ್ಭಿಣಿಯರಲ್ಲಿ 11ಕ್ಕಿಂತ ಕಡಿಮೆ ಇದ್ದರೆ ಆಶಾ ಕಾರ್ಯಕರ್ತೆಯರ ಹತ್ತಿರ ಹೇಳಿ, ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆಯನ್ನು ತಪ್ಪದೆ ತೆಗೆದುಕೊಳ್ಳಿ. ಮಾತ್ರೆ ತಿಂದರೆ ಮಲ ಕಪ್ಪಾಗುತ್ತದೆ, ಅದಕ್ಕೆ ಹೆದರಿ ಬಿಡಬೇಡಿ.

ಏನು ಮಾಡೋಣ?

ನಮ್ಮ ಸಂಘದಲ್ಲಿ ಲಾಭ ಬಂದರೆ ಹೇಗೆ ಹಂಚುತ್ತೇವೆ? ಪುಸ್ತಕ ತೆರೆದು, ಎಲ್ಲರ ಎದುರಿಗೆ, ಸಮನಾಗಿ. ಅದೇ ನ್ಯಾಯ ಮನೆಯ ಪಾತ್ರೆಗೂ ಬೇಕು. ಒಂದು ಕಿಲೋ ಮಾಂಸದಲ್ಲಿ ಸುಮಾರು 24 ತುಂಡು ಬರುತ್ತದೆ ಎಂದಿಟ್ಟುಕೊಳ್ಳಿ. ಮನೆಯಲ್ಲಿ ಎಂಟು ಜನ ಇದ್ದರೆ ತಲೆಗೆ ಮೂರು. ಬಡಿಸುವ ಮೊದಲೇ ಬಟ್ಟಲಿಗೆ ಹಾಕಿಡಿ. ಮಗನ ಬಟ್ಟಲಲ್ಲಿ ಎಷ್ಟೋ ಮಗಳ ಬಟ್ಟಲಲ್ಲೂ ಅಷ್ಟೇ. ದೊಡ್ಡವಳಾದ ಮಗಳಿಗೆ ಒಂದು ಹೆಚ್ಚಾದರೂ ತಪ್ಪಿಲ್ಲ. ಹಲ್ಲಿಲ್ಲದ ಅಜ್ಜಿಗೆ ಬೆರಳಲ್ಲಿ ಬಿಡಿಸಿ ಕೊಡಿ, ಸಣ್ಣ ಉರಿಯಲ್ಲಿ ಬೆಂದದ್ದು ಅವರಿಗೂ ಆಗುತ್ತದೆ. ನಿಮ್ಮ ಬಟ್ಟಲನ್ನೂ ಅದೇ ಸಾಲಿನಲ್ಲಿಡಿ, ಮುಚ್ಚಿಟ್ಟು ತಿನ್ನುವುದು ಬೇಡ. ಕದ್ದು ತಿಂದದ್ದು ಹೊಟ್ಟೆಗೆ ಹೋಗಬಹುದು, ಹಕ್ಕಾಗುವುದಿಲ್ಲ. ಸಾಧ್ಯವಾದರೆ ವಾರಕ್ಕೆ ಒಂದು ಹೊತ್ತಾದರೂ ಎಲ್ಲರೂ ಒಟ್ಟಿಗೆ ಕೂತು ಉಣ್ಣಿರಿ.

ಮೊದಲ ದಿನ ಯಾರಾದರೂ ಏನಾದರೂ ಅಂದಾರು. ಜಗಳ ಮಾಡಬೇಡಿ, ಹಿಂದೆಯೂ ಸರಿಯಬೇಡಿ. "ಡಾಕ್ಟರು ಹೇಳಿದ್ದಾರೆ, ಸಂಘದಲ್ಲಿ ಹೇಳಿದ್ದಾರೆ" ಅಂತ ಹೇಳಿ ಬಟ್ಟಲು ಎತ್ತಿಕೊಳ್ಳಿ. ಗಟ್ಟಿ ನಾರೂ ಒಂದೇ ಸಲಕ್ಕೆ ಕರಗುವುದಿಲ್ಲ ನೋಡಿ.

ಮುಂದಿನ ವಾರದ ಸಭೆಯಲ್ಲಿ ಪ್ರತಿ ಸಂಘವೂ ಈ ಮೂರು ಪ್ರಶ್ನೆಗಳನ್ನು ಚರ್ಚಿಸಿ ನಡಾವಳಿ ಪುಸ್ತಕದಲ್ಲಿ ಬರೆಯಿರಿ:

1. ನಮ್ಮ ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರು? ಅವರಿಗೆ ಉಳಿಯುವುದು ಏನು?
2. ನಮ್ಮ ಸಂಘದಲ್ಲಿ ಈ ವರ್ಷ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿಕೊಂಡವರು ಎಷ್ಟು ಮಂದಿ?
3. ಹುಲ್ಲಿನ ಬುಟ್ಟಿ ಮಾಡಿ ನೋಡಲು ಯಾರು ಮುಂದೆ ಬರುತ್ತೀರಿ? (ಮಾಂಸವೇ ಆಗಬೇಕೆಂದಿಲ್ಲ, ಹುರುಳಿಕಾಳೂ ಆದೀತು.)

ಈ ಭಾನುವಾರ ನಿಮ್ಮ ಬಟ್ಟಲಲ್ಲೂ ಮೂರು ತುಂಡು ಇರಲಿ.